113 ಸಾಲದು: ಬಹುಮತ ವಾಪಸ್ ತರುವ ಬೂತ್ ಲೆಕ್ಕ

2018ರ ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇ 38 ಮತ, ಮುಂದೂಡಿದ್ದ ಕ್ಷೇತ್ರಗಳೂ ಸೇರಿ 80 ಸೀಟು. ಬಿಜೆಪಿಗೆ ಶೇ 36 ಮತ, 104 ಸೀಟು. 2023ರಲ್ಲಿ ಬಿಜೆಪಿಗೆ ಮತ್ತೆ ಅದೇ ಶೇ 36 ಬಂತು, ಸೀಟು ಮಾತ್ರ 66ಕ್ಕೆ ಇಳಿಯಿತು. ಕಾಂಗ್ರೆಸ್ ಶೇ 43ರ ಹತ್ತಿರ ಹೋಗಿ 135 ಗೆದ್ದಿತು. ಈ ಐದು ಎಲ್ಲಿಂದ ಬಂತು? ಜೆಡಿಎಸ್ ಶೇ 18ರಿಂದ 13ಕ್ಕೆ ಕುಸಿದಿತ್ತು. ಎದುರಾಳಿಯ ಗಟ್ಟಿ ಮತ ಒಡೆಯುತ್ತೇನೆಂದು ಹೊರಡುವ ಕಾರ್ಯಕರ್ತರಿಗೆ ನಾವು ಮೊದಲು ತೋರಿಸುವುದು ಈ ಅಂಕಿಗಳನ್ನು. ಒಟ್ಟು ಲೆಕ್ಕದಲ್ಲಿ ಎದುರಾಳಿ ಅಲುಗಾಡಲೇ ಇಲ್ಲ, ಆದರೂ ಸೋತ.

ಇನ್ನೊಂದು, ಗುರಿ ಸರಳ ಬಹುಮತದ 113 ಆಗಬಾರದು. 2018ರ ಕಾಂಗ್ರೆಸ್-ಜೆಡಿಎಸ್ ಮೈತ್ರಿಗೆ 80 ಮತ್ತು 37 ಸೇರಿ 117 ಇತ್ತು. 2019ರ ಜುಲೈನಲ್ಲಿ ಸರ್ಕಾರ ಬಿತ್ತು, 17 ಶಾಸಕರು ಅನರ್ಹರಾದರು, ಡಿಸೆಂಬರ್‌ನಲ್ಲಿ 15 ಕಡೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದುಕೊಂಡಿತು. ಅದಕ್ಕೇ ನಾವು 130 ಇಟ್ಟುಕೊಂಡು ಲೆಕ್ಕ ಶುರು ಮಾಡುತ್ತೇವೆ.

ಆ ಲೆಕ್ಕಕ್ಕೆ ಬೇಕಾದ ಕಾಗದ ಫಾರಂ 20. ಪ್ರತಿ ಬೂತ್‌ನಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬುದು ಅದರಲ್ಲಿರುತ್ತದೆ. ಹಿಂದಿನ ಎರಡು ವಿಧಾನಸಭೆ ಚುನಾವಣೆಗಳದ್ದನ್ನು ಎಕ್ಸೆಲ್‌ಗೆ ಇಳಿಸಿ. ಇಲ್ಲಿ ಎಲ್ಲರೂ ಎಡವುವುದು ಬೂತ್ ನಂಬರಿನಲ್ಲಿ. ಪಟ್ಟಿ ಪರಿಷ್ಕರಣೆಯಾದಾಗ ಬೂತ್ ಒಡೆಯುತ್ತವೆ, ಸೇರುತ್ತವೆ, ಹಳೆಯ 112 ಹೊಸ 118 ಆಗಿರುತ್ತದೆ. ನಂಬರ್ ಬಿಟ್ಟು ಶಾಲೆಯ ಹೆಸರು, ಊರಿನ ಹೆಸರು ಹಿಡಿದು ತಾಳೆ ಹಾಕಬೇಕು. ಲೋಕಸಭೆಯ ಲೀಡನ್ನು ಬೇರೆ ಹಾಳೆಯಲ್ಲಿಡಿ: 2019ರಲ್ಲಿ 28ರಲ್ಲಿ 25 ಗೆದ್ದ ಬಿಜೆಪಿ ನಾಲ್ಕು ವರ್ಷಕ್ಕೆ ವಿಧಾನಸಭೆಯಲ್ಲಿ 66ಕ್ಕೆ ಬಂದಿದೆ. ಗ್ರಾಮ ಪಂಚಾಯಿತಿ ಫಲಿತಾಂಶಕ್ಕೆ ಪಕ್ಷದ ಚಿಹ್ನೆಯೇ ಇಲ್ಲ, ಅದರಿಂದ ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದಷ್ಟೇ ತಿಳಿಯುತ್ತದೆ.

ಹೀಗೆ 224 ಕ್ಷೇತ್ರಗಳನ್ನು ಸೋಸಿದರೆ ಯಾವತ್ತೂ ಕೈಬಿಡದವು, ಯಾವತ್ತೂ ಕೈಗೆ ಸಿಗದವು, ಐದು ಸಾವಿರದೊಳಗೆ ಸೋತವು ಅಂತ ಬೇರೆಬೇರೆಯಾಗುತ್ತವೆ. ಹಣ, ಜನ, ದೊಡ್ಡ ನಾಯಕರ ದಿನಗಳು ಕೊನೆಯ ಗುಂಪಿಗೆ ಹೋಗಬೇಕು. ಆದರೆ ದೊಡ್ಡ ನಾಯಕರು ಹೋಗುವುದು ತಮಗೆ ಜನ ಸೇರುವ ಕಡೆಗೆ, ಅಂದರೆ ಹೇಗೂ ಗೆಲ್ಲುವ ಕ್ಷೇತ್ರಗಳಿಗೆ. ಈ ಜಗಳ ಪ್ರತಿ ಸಲ ಇದ್ದದ್ದೇ.

ನನ್ನ ಮಟ್ಟಿಗೆ ಹತ್ತು ಸಮಾವೇಶಕ್ಕಿಂತ ಮತದಾರರ ಪಟ್ಟಿ ದೊಡ್ಡದು. ಸೇರಿಸಲು ಫಾರಂ 6, ತೆಗೆಸಲು 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ 8. ಪಕ್ಷದ ಬೂತ್ ಏಜೆಂಟ್ (ಬಿಎಲ್‌ಎ) ಬಿಎಲ್‌ಓ (ಚುನಾವಣಾ ಆಯೋಗದ ಬೂತ್ ಮಟ್ಟದ ಅಧಿಕಾರಿ) ಕೈಗೆ ದಿನಕ್ಕೆ ಹತ್ತು ಅರ್ಜಿಗಿಂತ ಹೆಚ್ಚು ಕೊಡುವಂತಿಲ್ಲ. ಹಾಗಾಗಿ ಕೊನೇ ವಾರ ಕಟ್ಟುಗಟ್ಟಲೆ ತಂದರೆ ತಿರಸ್ಕೃತವಾಗುತ್ತವೆ. ನಾಮಪತ್ರದ ಕೊನೆ ದಿನಕ್ಕೆ ಹತ್ತು ದಿನ ಮೊದಲೇ ಎಲ್ಲ ಒಳಗೆ ಹೋಗಿರಬೇಕು. ಮದುವೆಯಾಗಿ ಬಂದ ಸೊಸೆ, 18 ತುಂಬಿದ ಹುಡುಗರು ಬಿಟ್ಟುಹೋಗಿರುವುದೇ ಹೆಚ್ಚು. ಬೆಂಗಳೂರಿಗೆ ದುಡಿಯಲು ಹೋದವರ ಫೋನ್ ನಂಬರನ್ನು ಬೂತ್‌ವಾರು ಬರೆದಿಟ್ಟು ಕರೆ ಮಾಡಿ, ಅಷ್ಟೇ. ಬಸ್ಸು ಮಾಡಿ ಮತದಾರರನ್ನು ಕರೆತರುವುದು ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟ ಆಚರಣೆ, ಗೆದ್ದ ಮೇಲೆ ಕೋರ್ಟಿನಲ್ಲಿ ಸೀಟು ಹೋಗಬಹುದು.

ಟಿಕೆಟ್ ಬೇಗ ಹಂಚಬೇಕು. 2023ರಲ್ಲಿ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ. ಕಾಂಗ್ರೆಸ್ ನಾಲ್ಕು ದಿನ ಮೊದಲೇ 124 ಹೆಸರು ಹೊರಬಿಟ್ಟಿತ್ತು, ಬಿಜೆಪಿಯ ಮೊದಲ ಪಟ್ಟಿ ಏಪ್ರಿಲ್ 11ಕ್ಕೆ ಬಂತು. ನಾಮಪತ್ರಕ್ಕೆ 20 ಕೊನೆ, ವಾಪಸಾತಿಗೆ 24. ಮುನಿಸಿಕೊಂಡವರ ಮನೆಗೆ ಹೋಗಿ ಕೂತು ಮಾತಾಡಲು ಉಳಿದದ್ದು ಎರಡು ವಾರವೂ ಇಲ್ಲ. ಬೇಗ ಹಂಚಿದರೆ ಸಿಟ್ಟಾದವನಿಗೆ ಬೇರೆ ಪಕ್ಷ ಹುಡುಕಲೂ ಸಮಯ ಸಿಗುತ್ತದೆ, ನಿಜ. ಆದರೂ ಅದು ಬಂಡಾಯಕ್ಕಿಂತ ಮೇಲು. ಪುತ್ತೂರಿನಲ್ಲಿ ಬಂಡಾಯ ಅಭ್ಯರ್ಥಿ ಅರುಣ್ ಕುಮಾರ್ ಪುತ್ತಿಲ ಎರಡನೇ ಸ್ಥಾನಕ್ಕೆ ಬಂದರು, ಬಿಜೆಪಿಯ ಅಧಿಕೃತ ಅಭ್ಯರ್ಥಿ ಮೂರನೆಯದಕ್ಕೆ ಹೋದರು, ಕಾಂಗ್ರೆಸ್ ಗೆದ್ದಿತು.

ಭರವಸೆಯಲ್ಲಿ ಅಂಕಿ ಇರಬೇಕು. 200 ಯೂನಿಟ್ ವಿದ್ಯುತ್, ಮನೆ ಯಜಮಾನಿಗೆ 2000 ರೂಪಾಯಿ, 10 ಕೆ.ಜಿ. ಅಕ್ಕಿ: ಇವನ್ನು ಜಗುಲಿಯ ಮೇಲೆ ನಿಂತು ಒಂದೇ ಉಸಿರಿಗೆ ಹೇಳಬಹುದು. ಆದರೆ ಯಜಮಾನಿ ಅಂದರೆ ಅತ್ತೆಯೋ ಸೊಸೆಯೋ ಎಂದು ಕೇಳಿದಾಗ ಕಾರ್ಯಕರ್ತ ತಡವರಿಸಿದರೆ ಆ ಮನೆಯ ಎರಡೂ ಮತ ಅನುಮಾನ. ಪ್ರಶ್ನೆ, ಉತ್ತರ ಬರೆದ ಒಂದು ಹಾಳೆ ಗ್ಯಾರಂಟಿ ಕಾರ್ಡಿಗಿಂತ ಮೊದಲು ಅಚ್ಚಾಗಬೇಕು.

ಮತದಾನದ ದಿನ ಬೂತ್‌ನಿಂದ 100 ಮೀಟರ್ ಆಚೆ ಒಂದು ಮೇಜು, ಎರಡು ಕುರ್ಚಿ. ಮತದಾರರಿಗೆ ಕೊಡುವ ಚೀಟಿ ಬಿಳಿ ಕಾಗದದ್ದಿರಲಿ, ಅದರ ಮೇಲೆ ಚಿಹ್ನೆ, ಅಭ್ಯರ್ಥಿಯ ಹೆಸರು ಬೇಡ. ಒಳಗಿನ ಏಜೆಂಟ್ ಮತದಾನಕ್ಕೆ 90 ನಿಮಿಷ ಮೊದಲು, ಅಣಕು ಮತದಾನದ ಹೊತ್ತಿಗೇ ಹಾಜರಿರಬೇಕು. ಕನಿಷ್ಠ 50 ಮತ ಹಾಕಿ ಎಣಿಸಿ, ಯಂತ್ರವನ್ನು ಸೊನ್ನೆಗೆ ತಂದದ್ದನ್ನು ಕಣ್ಣಾರೆ ನೋಡಬೇಕು. ಸಂಜೆ ಹಸಿವು, ಸುಸ್ತು ಅಂತ ಫಾರಂ 17ಸಿ (ಬೂತ್‌ನಲ್ಲಿ ಬಿದ್ದ ಒಟ್ಟು ಮತದ ಲೆಕ್ಕ) ಪ್ರತಿ ಪಡೆಯದೆ ಎದ್ದು ಬರುವವರೇ ಹೆಚ್ಚು. ಎಣಿಕೆಯ ದಿನ ಯಂತ್ರದ ನಂಬರು, ಒಟ್ಟು ಮತ ತಾಳೆ ನೋಡಲು ಅದೊಂದೇ ಆಧಾರ. 2023ರಲ್ಲಿ ಜಯನಗರದ ಫಲಿತಾಂಶ ಮರುಎಣಿಕೆಯ ನಂತರ 16 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಎಣಿಕೆ ಕೊಠಡಿಗೆ ಕಳಿಸುವವರಿಗೆ ನಾವು ಮೊದಲು 17ಸಿ ಓದಲು ಕಲಿಸುತ್ತೇವೆ.