ಸ್ಪೋರ್ಟಿ ಸೆಡಾನ್ ಇಟ್ಕೊಂಡೋರು ರಸ್ತೇಲಿ ಸಿಕ್ಕಾಕೊಳ್ಳೋ ಮುಂಚೆ ಮನೇಲೇ ಮಾಡಿ ನೋಡ್ಬೇಕಾದ ಕೆಲಸಗಳು

ಗಾಡಿ ತಗೊಂಡು ನಾಲ್ಕು ತಿಂಗಳಾಗಿತ್ತು ಅಷ್ಟೇ. ರಾತ್ರಿ ಹೊತ್ತು, ಜಿಟಿಜಿಟಿ ಮಳೆ, ಹೈವೇ ಪಕ್ಕ ಮೊಣಕಾಲೂರಿ ಕೂತಿದೀನಿ, ಮುಂದಿನ ಟೈರು ಪೂರ್ತಿ ಚಪ್ಪಟೆ. ಜಾಕಿ ಇದೆ, ಸ್ಟೆಪ್ನಿ ಇದೆ, ನಾಲ್ಕು ನಟ್ಟು ಸಡಿಲ ಮಾಡಿದೆ, ಐದನೇದರ ತಲೆ ನೋಡಿದ್ರೆ ಬೇರೇನೇ ಆಕಾರ, ಸ್ಪ್ಯಾನರ್ ಕೂರೋದೇ ಇಲ್ಲ. ಲಾಕ್ ನಟ್ಟು ಅದು, ಅಲಾಯ್ ವೀಲ್ ಯಾರೂ ಕದೀಬಾರ್ದು ಅಂತ ಹಾಕಿರ್ತಾರೆ, ಬಿಚ್ಚೋಕೆ ಹೆಬ್ಬೆರಳುದ್ದದ ಒಂದು ಸಣ್ಣ ಕೀ ಬೇಕು. ನನ್ನ ಕೀ ಎಲ್ಲಿತ್ತು ಗೊತ್ತಾ, ಹಿಂದಿನ ವಾರ ಸರ್ವೀಸ್ ಮಾಡಿದವರ ಟೂಲ್ ಬಾಕ್ಸ್‌ನಲ್ಲಿ. ಕೊನೆಗೆ ಪಂಚರ್ ಆದ ಗಾಡೀನ ಲಾರಿ ಮೇಲೆ ಹಾಕ್ಕೊಂಡು ಮನೆಗೆ ಬಂದೆ, ಮಾರನೇ ದಿನ ನಾಚಿಕೆ ಬಿಟ್ಟು ಡಿಕ್ಕಿ ಪೂರ್ತಿ ಖಾಲಿ ಮಾಡಿ ಕೂತೆ.

ಹಾಗಾಗಿ ಮೊದಲ ಕೆಲಸ ಡಿಕ್ಕಿದೇ. ಕೆಳಗಿನ ಮ್ಯಾಟ್ ಎತ್ತಿ ಏನೇನಿದೆ ನೋಡಿ: ಜಾಕಿ, ಸ್ಪ್ಯಾನರ್, ಲಾಕ್ ನಟ್ ಕೀ, ಗಾಡಿ ಎಳೆಸೋಕೆ ಬಂಪರ್‌ಗೆ ತಿರುಗಿಸಿ ಹಾಕೋ ಟೋ ಹುಕ್. ಈ ಥರ ಗಾಡಿಗಳಲ್ಲಿ ಎಷ್ಟೋ ಸಲ ಸ್ಟೆಪ್ನೀನೇ ಇರಲ್ಲ, ಒಂದು ಸಣ್ಣ ಕಂಪ್ರೆಸರ್ ಮತ್ತೆ ಪಂಚರ್ ತೂತು ಮುಚ್ಚೋ ಸೀಲೆಂಟ್ ಅನ್ನೋ ದ್ರವ ಒಂದು ಬಾಟಲಿ ಕೊಟ್ಟಿರ್ತಾರೆ, ಆ ಬಾಟಲಿಗೆ ಎಕ್ಸ್‌ಪೈರಿ ಡೇಟ್ ಇರತ್ತೆ ಅಂತ ತುಂಬಾ ಜನ ನೋಡಿರಲ್ಲ. ಸೀಲೆಂಟ್ ಕೆಲಸ ಮಾಡೋದು ನೆಲಕ್ಕೆ ತಾಗೋ ಭಾಗದಲ್ಲಿ ಮೊಳೆ ಚುಚ್ಚಿದ ಸಣ್ಣ ತೂತಿಗೆ ಮಾತ್ರ, ಪಕ್ಕದ ಗೋಡೆ ಹರಿದಿದ್ರೆ ಹಾಕಿ ಪ್ರಯೋಜನ ಇಲ್ಲ. ಸಣಕಲು ಸ್ಟೆಪ್ನಿ ಇದ್ರೆ ಅದರ ಮೇಲೇ 80 ಕಿಮೀ ಅಂತ ಬರ್ದಿರತ್ತೆ, ಅದಕ್ಕಿಂತ ಜೋರಾಗಿ ಹೋಗೋ ಹಾಗಿಲ್ಲ, ಮತ್ತೆ ಅದಕ್ಕೆ ಬೇಕಾದ ಗಾಳಿ ಸಾಮಾನ್ಯವಾಗಿ 60 ಪಿಎಸ್‌ಐ, ಬೇರೆ ಟೈರಿಗಿಂತ ಹೆಚ್ಚುಕಮ್ಮಿ ಎರಡರಷ್ಟು. ವರ್ಷಗಟ್ಟಲೆ ಮುಟ್ಟದೇ ಇಟ್ಟ ಸ್ಟೆಪ್ನೀಲಿ ಅಷ್ಟಿರಲ್ಲ, ಬೇಕಾದ್ರೆ ಇವತ್ತೇ ಗೇಜ್ ಹಿಡಿದು ನೋಡಿ.

ಆಮೇಲೆ ಒಂದು ರಜಾ ದಿನ ಬೆಳಕಿದ್ದಾಗ, ಸಮನಾದ ಗಟ್ಟಿ ನೆಲದ ಮೇಲೆ, ಏನೂ ಆಗದೇ ಇದ್ರೂ ಸುಮ್ಮನೆ ಒಂದು ವೀಲ್ ಬಿಚ್ಚಿ ಹಾಕಿ. ಹ್ಯಾಂಡ್‌ಬ್ರೇಕ್ ಎಳೀರಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ, ನಟ್ಟುಗಳನ್ನ ಗಾಡಿ ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲ ಮಾಡಿ. ಗಾಡಿ ಎತ್ತಿದ ಮೇಲೆ ಸಡಿಲ ಮಾಡೋಕೆ ಹೋದ್ರೆ ಚಕ್ರ ತಿರುಗತ್ತೆ, ಗಾಡಿ ಜಾಕಿ ಮೇಲಿಂದ ಜಾರತ್ತೆ. ಜಾಕಿ ಕೊಡೋ ಜಾಗ ಬಾಗಿಲ ಕೆಳಗಿನ ಅಂಚಲ್ಲಿ ಗುರುತು ಮಾಡಿರ್ತಾರೆ, ಅದು ಬಿಟ್ಟು ಬೇರೆ ಕಡೆ ಕೊಟ್ರೆ ತಗಡು ಮಡಚಿಕೊಳ್ಳತ್ತೆ. ಬಿಚ್ಚಿದ ಚಕ್ರಾನೋ ಸ್ಟೆಪ್ನೀನೋ ಗಾಡಿ ಕೆಳಗೆ ಮಲಗಿಸಿಡಿ, ಜಾಕಿ ಕೈಕೊಟ್ರೂ ಗಾಡಿ ಅದರ ಮೇಲೆ ಕೂರತ್ತೆ. ಜಾಕಿ ಮೇಲಿರೋ ಗಾಡಿ ಕೆಳಗೆ ಮಾತ್ರ ಕೈಕಾಲು ತಲೆ ಯಾವುದನ್ನೂ ಹಾಕ್ಬೇಡಿ, ಕೆಳಗೆ ಹೋಗಿ ಕೆಲಸ ಮಾಡ್ಬೇಕು ಅಂದ್ರೆ ಗಾಡಿ ಭಾರ ಹೊರೋ ಗಟ್ಟಿ ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ಬೇಕೇ ಬೇಕು.

ಕೆಲವು ಸಲ ನಟ್ಟೆಲ್ಲ ಬಿಚ್ಚಿದ್ರೂ ಅಲಾಯ್ ವೀಲ್ ಹಬ್‌ಗೆ, ಅಂದ್ರೆ ಚಕ್ರ ಕೂರೋ ನಡುವಿನ ಭಾಗಕ್ಕೆ, ತುಕ್ಕು ಹಿಡಿದು ಕಚ್ಕೊಂಡಿರತ್ತೆ. ಆಗ ಏನ್ಮಾಡ್ಬೇಕು ಅಂದ್ರೆ ಎರಡು ನಟ್ಟು ವಾಪಸ್ ಹಾಕಿ ಸ್ವಲ್ಪ ಸಡಿಲ ಬಿಟ್ಟು ಗಾಡಿ ಇಳಿಸಿ, ಒಂದಡಿ ಹಿಂದೆ ಮುಂದೆ ಅಲ್ಲಾಡಿಸಿ, ಟಕ್ ಅಂತ ಬಿಟ್ಕೊಳ್ಳತ್ತೆ. ಬಂದ ಮೇಲೆ ಹಬ್ ಮುಖಾನ ತಂತಿ ಬ್ರಷ್‌ನಲ್ಲಿ ಉಜ್ಜಿ. ವಾಪಸ್ ಹಾಕುವಾಗ ಪ್ರತಿ ನಟ್ಟನ್ನ ಮೊದಲು ಬೆರಳಲ್ಲೇ ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಎದುರುಬದುರು ಕ್ರಮದಲ್ಲಿ ಬಿಗೀರಿ, ಗಾಡಿ ಕೆಳಗಿಳಿಸಿ, ಎಷ್ಟು ಬಿಗಿ ಅಂತ ಅಳತೆ ತೋರ್ಸೋ ಟಾರ್ಕ್ ರೆಂಚ್‌ನಲ್ಲಿ ಮುಗಿಸಿ. ತುಂಬಾ ಕಾರುಗಳಿಗೆ ಆ ಬಿಗಿ 100ರಿಂದ 120 ನ್ಯೂಟನ್ ಮೀಟರ್ ಇರತ್ತೆ, ನಿಮ್ಮದು ಎಷ್ಟು ಅಂತ ಮ್ಯಾನ್ಯುಯಲ್ ನೋಡಿ. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯೋರು ಇದ್ದಾರೆ, ಅವರ ಕೈಗೆ ಕೊಡ್ಬೇಡಿ, ನಟ್ಟು ಕೂರೋ ಬೋಲ್ಟು, ಅಂದ್ರೆ ಸ್ಟಡ್, ಹಿಗ್ಗತ್ತೆ. ಸುಮಾರು 100 ಕಿಮೀ ಓಡಿಸಿದ ಮೇಲೆ ಇನ್ನೊಂದು ಸಲ ಚೆಕ್ ಮಾಡಿ.

ಈಗ ಅಪ್‌ಗ್ರೇಡ್ ವಿಷಯ. ಎಲ್ಲರಿಗೂ ಮೊದಲು ಬೇಕಾಗೋದು ಸೈಲೆನ್ಸರ್ ಸೌಂಡು, ಇಂಜಿನ್ನಿಗೆ ಗಾಳಿ ಎಳ್ಕೊಳ್ಳೋ ಇಂಟೇಕ್, ಇಂಜಿನ್ ಕಂಪ್ಯೂಟರ್ ಸೆಟಿಂಗ್ ಬದಲಾಯಿಸೋ ರೀಮ್ಯಾಪ್. ನಾನೂ ಇಂಟೇಕ್ ಹಾಕಿಸ್ದೆ, ಸುಳ್ಳು ಯಾಕೆ ಹೇಳ್ಲಿ, ಸೌಂಡ್ ಚೆನ್ನಾಗಿತ್ತು, ಪಿಕಪ್ ಮಾತ್ರ ಇದ್ದಷ್ಟೇ ಇತ್ತು. ಗಾಡಿ ನಿಜವಾಗಿ ಬದಲಾಗಿದ್ದು ಒಳ್ಳೆ ಟೈರು ಹಾಕಿದ ದಿನ. ಅಂಗೈಯಷ್ಟಗಲದ ನಾಲ್ಕು ಜಾಗದಲ್ಲಿ ತಾನೇ ಇಡೀ ಗಾಡಿ ನೆಲಾನ ಹಿಡ್ಕೊಂಡಿರೋದು. ಟೈರ್ ತಗೊಳ್ಳುವಾಗ ಪಕ್ಕದಲ್ಲಿ ನಾಲ್ಕಂಕಿ ನೋಡಿ, 2324 ಅಂತಿದ್ರೆ 2024ನೇ ಇಸವಿಯ 23ನೇ ವಾರ ತಯಾರಾಗಿದ್ದು ಅಂತರ್ಥ. ದೊಡ್ಡ ರಿಮ್ ಹಾಕಿಸೋರು ಒಂದು ಲೆಕ್ಕ ಮಾಡಿ: 225/45 ಅಂದ್ರೆ ಅಗಲ 225 ಮಿಮೀ, ಪಕ್ಕದ ಗೋಡೆ ಅದರ ಶೇಕಡ 45, ಅಂದ್ರೆ 101 ಮಿಮೀ ಚಿಲ್ಲರೆ. ಅದೇ 225/40ಗೆ ಹೋದ್ರೆ 90ಕ್ಕೆ ಇಳಿಯತ್ತೆ. ಹೋಗಿದ್ದು ಒಂದೇ ಸೆಂಟಿಮೀಟರ್ ಅನ್ಸತ್ತೆ, ಆದ್ರೆ ಗುಂಡಿಗೂ ರಿಮ್ಮಿಗೂ ಮಧ್ಯೆ ಇದ್ದ ದಿಂಬಲ್ಲೇ ಆ ಒಂದು ಸೆಂಟಿಮೀಟರ್ ಹೋಗಿರೋದು. ಗುಂಡಿಗೆ ಬಿದ್ದ ಮೇಲೆ ಟೈರಿನ ಪಕ್ಕ ಕೈಯಾಡಿಸಿ, ಬೋರೆ ಥರ ಉಬ್ಬು ಬಂದಿದ್ರೆ ಒಳಗಿನ ದಾರ ಕಡಿದಿದೆ ಅಂತ, ಅದಕ್ಕೆ ಪ್ಯಾಚ್ ಇಲ್ಲ, ಟೈರ್ ಬದಲಾಯಿಸೋದೇ.

ಟೈರ್ ಆದ ಮೇಲೆ ಬ್ರೇಕು. ಇದು ಮನೇಲಿ ಮಾಡ್ಬೋದಾದ ಕೆಲಸಾನೇ, ಆದ್ರೆ ಮೊದಲನೇ ಸಲ ಗೊತ್ತಿರೋರನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ. ಡಿಸ್ಕ್‌ಗೆ ಒತ್ತೋ ಬ್ರೇಕ್ ಪ್ಯಾಡ್ ಸವೆದು 3 ಮಿಮೀಗೆ ಬಂದಿದ್ರೆ ಬದಲಾಯಿಸಿ. ಪ್ಯಾಡ್ ಹಿಡ್ಕೊಂಡು ಒತ್ತೋ ಕ್ಯಾಲಿಪರ್ ಬಿಚ್ಚಿದಾಗ ಅದನ್ನ ಬ್ರೇಕ್ ಆಯಿಲ್ ಹೋಗೋ ಹೋಸ್‌ನಲ್ಲಿ ನೇತಾಡೋಕೆ ಬಿಡ್ಬೇಡಿ, ತಂತಿ ಹಾಕಿ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ. ಹೊಸ ಪ್ಯಾಡ್‌ಗೆ ಜಾಗ ಮಾಡೋಕೆ ಕ್ಯಾಲಿಪರ್ ಒಳಗಿನ ಪಿಸ್ಟನ್ ಹಿಂದಕ್ಕೆ ಒತ್ತುವಾಗ ಮೇಲೆ ಬಾನೆಟ್ ಒಳಗಿನ ಡಬ್ಬೀಲಿ ಬ್ರೇಕ್ ಆಯಿಲ್ ಏರತ್ತೆ, ಉಕ್ಕಿ ಚೆಲ್ಲಿದ್ರೆ ಪೇಂಟ್ ಕಿತ್ತು ಬರತ್ತೆ, ಕಣ್ಣಿಟ್ಟಿರಿ. ಹಿಂದಿನ ಚಕ್ರದಲ್ಲಿ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ರೆ ಅದನ್ನ ರಿಪೇರಿಗೆ ಅಂತ ಇರೋ ಸರ್ವೀಸ್ ಮೋಡ್‌ಗೆ ಹಾಕ್ದೇ ಪಿಸ್ಟನ್ ಒತ್ತಿದ್ರೆ ಮೋಟರ್ ಮುರಿಯತ್ತೆ. ಎಲ್ಲ ಮುಗಿದ ಮೇಲೆ ಗಾಡಿ ಅಲುಗಾಡಿಸೋ ಮುಂಚೆ ಪೆಡಲ್ ಗಟ್ಟಿಯಾಗೋ ತನಕ ಒತ್ತಿ ಒತ್ತಿ ಬಿಡಿ. ಇದನ್ನ ಮರೆತು ರಿವರ್ಸ್ ಹಾಕಿ ಪೆಡಲ್ ನೆಲಕ್ಕೆ ಹೋದಾಗ ಎದೆ ಧಸಕ್ ಅನ್ನೋದು ಹೇಗಿರತ್ತೆ ಅಂತ ನಂಗೊತ್ತು, ಪುಣ್ಯಕ್ಕೆ ಗೇಟು ತೆಗೆದಿತ್ತು.

ಬ್ರೇಕ್ ಆಯಿಲ್ ಗಾಳಿಯಿಂದ ನೀರಿನಂಶ ಹೀರ್ಕೊಳ್ಳತ್ತೆ. ಡಾಟ್ 4 ಅನ್ನೋ ದರ್ಜೆಯ ಆಯಿಲ್ ಅಂದ್ರೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರ್ದು, ನೀರು ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯತ್ತೆ, ಘಾಟಿ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಬಿಸಿಯಾದ್ರೆ ಒಳಗೆ ಕುದ್ದು ಗುಳ್ಳೆ ಬಂದು ಪೆಡಲ್ ಸ್ಪಂಜಿನ ಥರ ಆಗೋದು ಇದಕ್ಕೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಮತ್ತೆ ದೊಡ್ಡ ಬ್ರೇಕ್ ಕಿಟ್ ಹಾಕಿಸೋ ಪ್ಲಾನ್ ಇದ್ರೆ ಸ್ಟೆಪ್ನಿ ಆ ಕ್ಯಾಲಿಪರ್ ಮೇಲೆ ಕೂರತ್ತಾ ಅಂತ ಅವತ್ತೇ ಹಾಕಿ ನೋಡಿ, ಪಂಚರ್ ಆದ ದಿನ ಅಲ್ಲ. ಸ್ಪ್ರಿಂಗ್ ಬದಲಾಯಿಸಿ ಗಾಡಿ ಲೋ ಮಾಡಿಸಿದೋರಿಗೂ ಇದೇ ಮಾತು, ಗಾಳಿ ಹೋಗಿ ಕೂತಾಗ ಜಾಕಿ ಕೆಳಗೆ ನುಗ್ಗೋದೇ ಇಲ್ಲ, ಒಂದು ದಪ್ಪ ಹಲಗೆ ಡಿಕ್ಕೀಲಿರ್ಲಿ, ಅದರ ಮೇಲೆ ಚಕ್ರ ಹತ್ತಿಸಿ ಆಮೇಲೆ ಜಾಕಿ ಕೊಡಿ.

ಇಂಜಿನ್ ಆಯಿಲ್ ಬಗ್ಗೆ ಜಾಸ್ತಿ ಹೇಳಲ್ಲ, ಮ್ಯಾನ್ಯುಯಲ್‌ನಲ್ಲಿರೋ ಗ್ರೇಡೇ ಹಾಕಿ, ಡ್ರೇನ್ ಬೋಲ್ಟಿನ ವಾಷರ್ ಹೊಸದು ಹಾಕಿ, ಟರ್ಬೋ ಗಾಡೀನ ಚೆನ್ನಾಗಿ ಓಡಿಸಿ ಬಂದ್ರೆ ಕೊನೇ ಎರಡು ಮೂರು ಕಿಮೀ ನಿಧಾನಕ್ಕೆ ಬಂದು ಆಮೇಲೆ ಆಫ್ ಮಾಡಿ.

ಬ್ಯಾಟರಿ ಮನೇಲೇ ಮಲ್ಟಿಮೀಟರ್ ಹಿಡಿದು ನೋಡ್ಬೋದು. ರಾತ್ರಿಯೆಲ್ಲ ನಿಂತಿದ್ದ ಗಾಡೀಲಿ 12.6 ವೋಲ್ಟ್ ಇದ್ರೆ ತುಂಬಿದೆ, 12.2 ಅಂದ್ರೆ ಅರ್ಧಕ್ಕರ್ಧ. ಇನ್ನೊಂದು ಗಾಡಿಯ ಬ್ಯಾಟರಿಯಿಂದ ಜಂಪ್ ಕೊಡುವಾಗ ಕೆಂಪು ವೈರು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಚೆನ್ನಾಗಿರೋದರ ಪ್ಲಸ್‌ಗೆ, ಕಪ್ಪು ಚೆನ್ನಾಗಿರೋದರ ಮೈನಸ್‌ಗೆ, ಕೊನೇ ತುದಿ ಸತ್ತ ಗಾಡಿಯ ಇಂಜಿನ್ನಿನ ಕಬ್ಬಿಣಕ್ಕೆ. ಕೊನೇ ಕಿಡಿ ಬ್ಯಾಟರಿ ಹತ್ತಿರ ಹಾರಬಾರ್ದು ಅಂತ ಹೀಗೆ, ಬಿಚ್ಚುವಾಗ ಪೂರ್ತಿ ಉಲ್ಟಾ.

ಟೆಂಪರೇಚರ್ ಮುಳ್ಳು ಏರ್ತಿದೆ ಅಂದ್ರೆ ಎಸಿ ಆಫ್, ಹೀಟರ್ ಫುಲ್, ಬೆವರು ಸುರಿದ್ರೂ ಪರವಾಗಿಲ್ಲ, ಇಂಜಿನ್ ಶಾಖ ಒಂದಷ್ಟು ಒಳಗೆ ಬರತ್ತೆ, ಅಷ್ಟರಲ್ಲಿ ಸುರಕ್ಷಿತ ಜಾಗ ಹುಡುಕಿ ನಿಲ್ಸಿ. ಕೂಲೆಂಟ್ ಮುಚ್ಚಳ ಮಾತ್ರ ಬಿಸಿ ಇದ್ದಾಗ ತೆಗೀಬೇಡಿ, ಇಂಜಿನ್ ತಣ್ಣಗಿಡೋ ಈ ದ್ರವ ಒಳಗೆ ಪ್ರೆಷರ್‌ನಲ್ಲಿರೋದ್ರಿಂದ 100 ಡಿಗ್ರಿ ದಾಟಿದ್ರೂ ಕುದೀದೆ ಸುಮ್ಮನಿರತ್ತೆ, ಮುಚ್ಚಳ ಸಡಿಲ ಆದ ಕ್ಷಣ ಕುದ್ದು ಮುಖಕ್ಕೆ ಎರಚತ್ತೆ. ಇನ್ನು ಹಂಪ್‌ಗೆ ಕೆಳಗೆ ತಾಗಿ ಮೀಟರ್‌ನಲ್ಲಿ ಆಯಿಲ್ ಡಬ್ಬಿ ಚಿತ್ರದ ಕೆಂಪು ದೀಪ ಹತ್ತಿದ್ರೆ ಮುಂದಿನ ತಿರುವಿನ ತನಕ ಹೋಗೋಣ ಅಂತೆಲ್ಲ ಬೇಡ, ಪಕ್ಕಕ್ಕೆ ತಗೊಂಡ ತಕ್ಷಣ ಆಫ್ ಮಾಡಿ.

ಎಳೆಸ್ಕೊಂಡು ಹೋಗ್ಬೇಕಾಗಿ ಬಂದ್ರೆ, ಆಟೋಮ್ಯಾಟಿಕ್ ಆಗ್ಲಿ ನಾಲ್ಕೂ ಚಕ್ರಕ್ಕೆ ಪವರ್ ಹೋಗೋದಾಗ್ಲಿ ಹಗ್ಗ ಕಟ್ಟಿ ಎಳೆಸ್ಬೇಡಿ, ಗೇರ್‌ಬಾಕ್ಸ್ ಹಾಳಾಗತ್ತೆ, ಪೂರ್ತಿ ಗಾಡಿ ಮೇಲೇರಿಸೋ ಲಾರೀನೇ ಕರೀರಿ. ಬಂಪರ್‌ನಲ್ಲಿರೋ ಪುಟ್ಟ ಮುಚ್ಚಳ ತೆಗೆದು ಟೋ ಹುಕ್ ತಿರುಗಿಸ್ಬೇಕು, ಕೆಲವು ಗಾಡೀಲಿ ಅದರ ಥ್ರೆಡ್ ಉಲ್ಟಾ ಇರತ್ತೆ, ಎಡಕ್ಕೆ ತಿರುಗಿಸಿದ್ರೆ ಬಿಗಿಯಾಗೋದು. ವೀಲ್ ಬಿಚ್ಚೋ ಅದೇ ರಜಾ ದಿನ ಇದನ್ನೂ ಒಂದ್ಸಲ ಹಾಕಿ ತೆಗೆದು ನೋಡ್ಬಿಡಿ, ಲಾಕ್ ನಟ್ ಕೀನ ಅದರ ಪಕ್ಕದಲ್ಲೇ ಇಡಿ, ಸರ್ವೀಸ್‌ಗೆ ಕೊಟ್ಟು ವಾಪಸ್ ತಗೊಳ್ಳುವಾಗ ಬಿಲ್ಲು ನೋಡೋ ಮುಂಚೆ ಆ ಕೀ ಇದೆಯಾ ನೋಡಿ.