ಕಡಲಿನ ಕಾವು ನೋಡಿ ಕಾಳು ಹರಡುವುದು

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಕಣಕ್ಕೆ ಬರುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲೇ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳೂ ಏಳುವುದರಿಂದ, ಕಾಳನ್ನು ಬಿಸಿಲಿಗೆ ಹರಡಬೇಕೋ ರಾಶಿ ಮಾಡಿ ತಾಡಪಾಲು ಹೊದಿಸಬೇಕೋ ಎಂದು ತೀರ್ಮಾನಿಸಲು ನಾನು ಕಡಲಿನ ಉಷ್ಣತೆಯ ನಕ್ಷೆಗಳನ್ನು ನೋಡುವ ರೂಢಿ ಮಾಡಿಕೊಂಡಿದ್ದೇನೆ. ಮಂಡಿಯಲ್ಲಿ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಅದು ಕಟಕ್ಕೆನ್ನದಿದ್ದರೆ ತೇವ ಶೇ 14ಕ್ಕಿಂತ ಹೆಚ್ಚಿದೆಯೆಂದು ದರ ಇಳಿಸುತ್ತಾರೆ.

ಕಡಲಿನ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿದ್ದರೆ ಚಂಡಮಾರುತಕ್ಕೆ ಮೇವು ಸಿಗುತ್ತದೆ. ನೀರು ಆವಿಯಾಗುವಾಗ ಹೀರಿಕೊಂಡ ಶಾಖವು ಆ ಆವಿ ಮೇಲೇರಿ ಮೋಡಗಟ್ಟುವಾಗ ಹೊರಬೀಳುತ್ತದೆ. ಅದರಿಂದ ನಡುವಿನ ಒತ್ತಡ ಕುಸಿದು ಗಾಳಿ ಬಿರುಸಾಗುತ್ತದೆ, ಬಿರುಸಾದ ಗಾಳಿ ಇನ್ನಷ್ಟು ಆವಿಯನ್ನು ಎಬ್ಬಿಸುತ್ತದೆ. ಆದರೆ ಅದೇ ಗಾಳಿ ಕಡಲನ್ನು ಕಡೆದು ಅಡಿಯ ತಣ್ಣೀರನ್ನು ಮೇಲಕ್ಕೆ ತರುವುದರಿಂದ, ಬಿಸಿ ಪದರ ತೆಳುವಾಗಿದ್ದರೆ ಚಂಡಮಾರುತ ತನ್ನ ಬಲವನ್ನು ತಾನೇ ಕುಂದಿಸಿಕೊಳ್ಳುತ್ತದೆ. ಹೀಗಾಗಿ ನಾನು ಮೇಲ್ಮೈ ನಕ್ಷೆಗಿಂತ ಹೆಚ್ಚಾಗಿ ನಂಬುವುದು, ಮೇಲ್ಮೈಯಿಂದ ನೀರಿನ ಕಾವು 26 ಡಿಗ್ರಿಗೆ ಇಳಿಯುವ ಆಳದವರೆಗೆ ಕೂಡಿಟ್ಟ ಶಾಖವನ್ನು ತೋರಿಸುವ, ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆಯ ನಕ್ಷೆಯನ್ನು. ಅಮೆರಿಕದ ಕತ್ರೀನಾ ಹರಿಕೇನ್ (ಚಂಡಮಾರುತಕ್ಕೆ ಅಲ್ಲಿನ ಹೆಸರು) 2005ರ ಆಗಸ್ಟ್‌ನಲ್ಲಿ ಅಷ್ಟು ಉಗ್ರವಾದದ್ದು ಮೆಕ್ಸಿಕೋ ಕೊಲ್ಲಿಯಲ್ಲಿ ಆಳದವರೆಗೂ ಬೆಚ್ಚಗಿದ್ದ ನೀರಿನ ಮೇಲೆ ಹಾದುಹೋದಾಗ.

ನಮ್ಮ ಬಂಗಾಳ ಕೊಲ್ಲಿಗೆ ಇನ್ನೊಂದು ಗುಣವಿದೆ. ಮುಂಗಾರು ಮುಗಿಯುವ ಹೊತ್ತಿಗೆ ಗಂಗಾ, ಬ್ರಹ್ಮಪುತ್ರದಂಥ ನದಿಗಳು ತಂದು ಸುರಿದ ಸಿಹಿನೀರು ಹಗುರವಾದ್ದರಿಂದ ಮೇಲೆಯೇ ನಿಂತು, ತಣ್ಣೀರು ಸುಲಭವಾಗಿ ಮೇಲೇಳದಂತೆ ತಡೆಯುತ್ತದೆ. ಮುಂಗಾರಿಗೆ ಮೊದಲೂ ಇಲ್ಲಿ ಚಂಡಮಾರುತ ಬೇಗ ಬಲಿಯಬಲ್ಲದು: 2020ರ ಮೇ 16ರಂದು ಚಂಡಮಾರುತವಾದ ಅಂಫಾನ್, 18ರ ವೇಳೆಗೆ ಸೂಪರ್ ಸೈಕ್ಲೋನ್, ಅಂದರೆ ಅತಿ ಉಗ್ರ ದರ್ಜೆಯದು, ಆಗಿತ್ತು. ಬಿಸಿನೀರಿನ ಜೊತೆಗೆ ಮೇಲಿನ ಗಾಳಿಯೂ ಒಗ್ಗಿಬಂದರೆ ಎರಡೇ ದಿನ ಸಾಕು. ಮೇಲಿನ ಗಾಳಿ ಎದುರಾದರೆ ಎಷ್ಟು ಕಾವಿದ್ದರೂ ಮೋಡ ಚದುರಿಹೋಗುತ್ತದೆ.

ಒಳನಾಡಿನವರಾದ ನಮಗೆ ಗಾಳಿಯ ವೇಗಕ್ಕಿಂತ ಮಳೆಯ ಲೆಕ್ಕವೇ ಮುಖ್ಯ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಬಲದಲ್ಲಿ ಸಾಧಾರಣವೇ ಆಗಿದ್ದರೂ, ನಿಧಾನವಾಗಿ ಸಾಗಿ ತಮಿಳುನಾಡಿನ ಒಳಭಾಗಕ್ಕೂ ಭಾರಿ ಮಳೆ ಸುರಿಸಿತು. ಆದ್ದರಿಂದ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಚಂಡಮಾರುತ ಗಂಟೆಗೆ ಎಷ್ಟು ಕಿಲೋಮೀಟರ್ ಸಾಗುತ್ತಿದೆ ಎಂಬ ಸಾಲನ್ನೂ ನೋಡಿ, ಅದು ತೆವಳುತ್ತಿದ್ದರೆ ಆ ವಾರ ಒಕ್ಕಣೆ ಯಂತ್ರವನ್ನು ಕರೆಸುವುದಿಲ್ಲ. ತೆನೆಯು ಸಿಪ್ಪೆಯೊಳಗೆ ಗಿಡದಲ್ಲೇ ನಿಂತಿರಲಿ ಎಂದು ಬಿಡುತ್ತೇನೆ.