ಬದಲಾದದ್ದು ಮೂತ್ರದ ಪಿಎಚ್, ರಕ್ತದ್ದಲ್ಲ

ನನ್ನ ಕಿಡ್ನಿಯಲ್ಲಿದ್ದದ್ದು ಯೂರಿಕ್ ಆಸಿಡ್ ಕಲ್ಲು. ಈ ಜಾತಿಯ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ನನ್ನದು ಸ್ಕ್ಯಾನಿಂಗಿನಲ್ಲಿ ಸಿಕ್ಕಿತು. ಮಂಗಳೂರಿನ ಡಾಕ್ಟರು ಮೂತ್ರದ ರಿಪೋರ್ಟ್ ನೋಡಿ, "ಪಿಎಚ್ 5 ಇದೆ. 6ರಿಂದ 6.5ರ ನಡುವೆ ತಂದು ನಿಲ್ಲಿಸಿದರೆ ಇದು ಕರಗಬಹುದು" ಎಂದರು. ಪಿಎಚ್ ಎಂದರೆ ಆಮ್ಲ-ಕ್ಷಾರದ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲ ಹೆಚ್ಚು. 5.5ಕ್ಕಿಂತ ಕೆಳಗಿದ್ದರೆ ಯೂರಿಕ್ ಆಸಿಡ್ ಮೂತ್ರದಲ್ಲಿ ಕರಗದೆ ಹರಳುಗಟ್ಟುತ್ತದೆ. ಮೂತ್ರದ ಆಮ್ಲ ತಗ್ಗಿಸಲು ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ಬರೆದುಕೊಟ್ಟರು. ಊಟ ಬದಲಿಸುವುದು ನನ್ನ ಪಾಲಿಗೆ ಬಂತು.

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮೂರು ಉಪ್ಪಳಕ್ಕೆ ಬಂದು ಸುದ್ದಿ ಹೇಳಿದ್ದೇ ತಡ, ಸಲಹೆಗಳು ಶುರುವಾದವು. ಕ್ಷಾರೀಯ ನೀರಿನ ಬಾಟಲಿ ತರಿಸು, ರಕ್ತದಲ್ಲಿರುವ ಆಮ್ಲವೆಲ್ಲ ಹೋಗುತ್ತದೆ ಎಂದರು ಒಬ್ಬರು. ಸುಮ್ನೆ ದುಡ್ಡು ದಂಡ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುತ್ತದೆ, ಮೀನು ತಿಂದರೂ ಸೌತೆಕಾಯಿ ತಿಂದರೂ. ಕಾರ್ಬನ್ ಡೈಆಕ್ಸೈಡನ್ನು ಶ್ವಾಸಕೋಶ ಹೊರಗೆ ಹಾಕುತ್ತದೆ, ಉಳಿದ ಆಮ್ಲವನ್ನು ಕಿಡ್ನಿ ಮೂತ್ರಕ್ಕೆ ದಾಟಿಸುತ್ತದೆ. ಹಾಗಾಗಿ ಊಟದ ಲೆಕ್ಕ ಕಾಣುವುದು ಮೂತ್ರದಲ್ಲಿ. ಅದರ ಪಿಎಚ್ 4.5ರಿಂದ 8ರ ತನಕ ಏರಿಳಿಯುತ್ತದೆ. ನನಗೆ ಬೇಕಾದ್ದೂ ಅದೇ ಅಲ್ವಾ!

ಕಷ್ಟವಾದದ್ದು ಮೀನು. ಮೀನು, ಮಾಂಸ, ಮೊಟ್ಟೆಯ ಪ್ರೋಟೀನಿನಲ್ಲಿ ಗಂಧಕ ಇರುತ್ತದೆ. ದೇಹ ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತದೆ. ಅದು ಸಾಲದು ಎಂಬಂತೆ ಬೂತಾಯಿಯಲ್ಲಿ (ಮತ್ತಿ ಮೀನು) ಪ್ಯೂರಿನ್ ಎಂಬ ವಸ್ತು ಬೇರೆ ಜಾಸ್ತಿ, ಅದು ಯೂರಿಕ್ ಆಸಿಡ್ ಆಗುತ್ತದೆ. ಅಂದರೆ ನನಗೆ ಎರಡು ಕಡೆಯಿಂದ ಪೆಟ್ಟು. "ಬೂತಾಯಿ ಇಲ್ಲದೆ ಗಂಜಿ ಗಂಟಲಲ್ಲಿ ಇಳಿಯುವುದು ಹೇಗೆ ಮಾರಾಯ?" ಎಂದು ಅಮ್ಮ ಕೇಳಿದರು. ನಾನು ಶುರು ಮಾಡಿದ್ದು ಜೂನಿನಲ್ಲಿ. ಕೇರಳದಲ್ಲಿ ಜುಲೈ 31ರ ತನಕ ದೋಣಿಗಳು ಬಲೆ ಎಳೆದು ಮೀನು ಹಿಡಿಯುವ ಟ್ರಾಲಿಂಗ್‌ಗೆ ನಿಷೇಧ, ಮೀನಿನ ರೇಟ್ ಕೇಳಿದರೆ ಆಸೆ ತಾನಾಗಿ ಇಳಿಯುತ್ತದೆ. ಪೂರ್ತಿ ಬಿಡಲಿಲ್ಲ. ತುಂಡು ಕಡಿಮೆ ಮಾಡಿದೆ, ರಾತ್ರಿ ಊಟದಿಂದ ತೆಗೆದೆ.

ಕುಚ್ಚಲಕ್ಕಿ ಗಂಜಿಯೂ ಸ್ವಲ್ಪ ಆಮ್ಲದ ಕಡೆಗೇ. ಅದನ್ನು ಬಿಡುವ ಮಾತಿಲ್ಲ, ಪಕ್ಕಕ್ಕೆ ತರಕಾರಿ ಹೆಚ್ಚಿಸಿದೆ: ಸೌತೆ, ಬಾಳೆದಂಡಿನ ಪಲ್ಯ, ಕುಂಬಳಕಾಯಿ. ಸಂಜೆ ಬಾಳೆಹಣ್ಣು. ಇವುಗಳಲ್ಲಿ ಪೊಟ್ಯಾಸಿಯಂ ಜೊತೆ ಸಾವಯವ ಆಮ್ಲದ ಲವಣಗಳಿರುತ್ತವೆ, ದೇಹದಲ್ಲಿ ಅವು ಬೈಕಾರ್ಬನೇಟ್ ಎಂಬ ಕ್ಷಾರ ಆಗುತ್ತವೆ. ನಾಲಗೆಗೆ ಹುಳಿಯಾದ ಲಿಂಬೆಯೂ ಈ ಗುಂಪಿನದೇ. ಹಾಗಾಗಿ ಲಿಂಬೆ ಶರಬತ್ತು ಕುಡಿದೆ, ಸಕ್ಕರೆ ಹಾಕದೆ. ಬಸಳೆ ಮಾತ್ರ ಮಿತವಾಗಿ, ಅದರಲ್ಲಿ ಇನ್ನೊಂದು ಜಾತಿಯ ಕಲ್ಲು ಕಟ್ಟುವ ಆಕ್ಸಲೇಟ್ ಜಾಸ್ತಿ. ಆಕ್ಸಲೇಟ್ ಕಲ್ಲು ಇರುವವರಂತೂ ಈ ಸೊಪ್ಪುಗಳ ಬಗ್ಗೆ ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ಮೆಡಿಕಲ್ಲಿನಿಂದ ಪಿಎಚ್ ಪಟ್ಟಿ ತಂದೆ. ಮೂತ್ರದಲ್ಲಿ ಅದ್ದಿ ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸುವುದು, ಅಷ್ಟೇ. ಬೆಳಗ್ಗೆ ಎದ್ದಾಗಿನದು ಸಾಮಾನ್ಯವಾಗಿ ಹೆಚ್ಚು ಆಮ್ಲ, ಊಟದ ಮೇಲೆ ಏರುತ್ತದೆ. ಒಂದೇ ಹೊತ್ತಿನದು ನೋಡಿದರೆ ಏನೂ ತಿಳಿಯುವುದಿಲ್ಲ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ. ಔತಣಕ್ಕೆ ಹೋಗಿ ಕೋಳಿ ಸುಕ್ಕ ತಿಂದ ಮರುದಿನದ ಬಣ್ಣ ಕ್ಯಾಲೆಂಡರಿನಲ್ಲಿ ಎದ್ದು ಕಾಣುತ್ತದೆ.

ಊಟ ಒಂದರಿಂದಲೇ ಆಯಿತು ಎನ್ನಲಾರೆ. ಸಿರಪ್ ಇತ್ತು, ನೀರೂ ಚೆನ್ನಾಗಿ ಕುಡಿದೆ. ಮುಂದಿನ ಸ್ಕ್ಯಾನಿಂಗಿನಲ್ಲಿ ಕಲ್ಲು ಸಣ್ಣದಾಗಿತ್ತು. ಡಾಕ್ಟರು ಸಿರಪ್ಪಿನ ಅಳತೆ ಇಳಿಸಿದರು. ಪಿಎಚ್ 7 ದಾಟಿಸಬೇಡಿ, ಆಗ ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲು ಕಟ್ಟಬಹುದು ಎಂದರು. ಕಿಡ್ನಿ ದುರ್ಬಲ ಇರುವವರು ನನ್ನನ್ನು ನೋಡಿ ಎಳನೀರು, ಬಾಳೆಹಣ್ಣು ಹೆಚ್ಚಿಸಬಾರದು. ಅವರಿಗೆ ಪೊಟ್ಯಾಸಿಯಂ ಅಪಾಯ.